ಆ ಹೊತ್ತನ್ನು ದಾಟಿ ಬಂದವರನ್ನು ಮೊದಲೇ ಕರೆಯಿರಿ

ನೀವು ಕೇಳಿದ್ದು ಇದು: ಮನಸ್ಸು ತೀರಾ ಕುಸಿದ ಹೊತ್ತಿನಲ್ಲಿ ನೆರವಾಗುವ ಆ್ಯಪ್ ಮಾಡುತ್ತಿದ್ದೀರಿ, ಡಿಸೈನ್ ಅರ್ಧ ಮುಗಿದಿದೆ, ಅಂಥ ಸ್ಥಿತಿ ದಾಟಿ ಬಂದವರನ್ನು ಕರೆದು ತೋರಿಸಬಹುದಾ, ಅಥವಾ ಆ ವಿಷಯ ಎತ್ತಿದರೆ ಅವರಿಗೇ ತೊಂದರೆಯಾಗುತ್ತದಾ ಅಂತ.

ಕರೆಯಿರಿ. ಆದರೆ ತೋರಿಸುವುದಕ್ಕಲ್ಲ, ಜೊತೆಗೆ ಕೂತು ಮಾಡುವುದಕ್ಕೆ. ಅರ್ಧ ಮುಗಿದಿದೆ ಅಂದಿರಲ್ಲ, ಅದರಲ್ಲಿ ಒಂದಿಷ್ಟನ್ನು ಬಿಚ್ಚಬೇಕಾಗಬಹುದು. ಅದಕ್ಕೆ ಈಗಲೇ ತಯಾರಾಗಿರಿ.

ನಾನು ಎರಡೂ ಕಡೆ ಇದ್ದವಳು. ಕೆಲವು ವರ್ಷಗಳ ಹಿಂದೆ ನಾನೇ ಆ ಸ್ಥಿತಿಯಲ್ಲಿದ್ದೆ, ಆಮೇಲೆ ಇಂಥದ್ದೇ ಆ್ಯಪ್ ಮಾಡುತ್ತಿದ್ದ ಒಂದು ಟೀಮ್ ಜೊತೆ ಕೆಲಸ ಮಾಡಿದೆ. ಒಂದು ರಾತ್ರಿ ಏನೂ ತೋಚದೆ ಫೋನಿನಲ್ಲಿದ್ದ ಆ್ಯಪ್ ತೆರೆದೆ. ಪಾಸ್‌ವರ್ಡ್ ಕೇಳಿತು. ನೆನಪಿಗೆ ಬರಲಿಲ್ಲ. ಓಟಿಪಿ ಬಂತು, ಎರಡು ಸಲ ತಪ್ಪಾಗಿ ಒತ್ತಿದೆ, ಯಾಕೆಂದರೆ ಕೈ ನಡುಗುತ್ತಿತ್ತು, ಕಣ್ಣು ತುಂಬಿ ಅಂಕಿಗಳೇ ಕಾಣುತ್ತಿರಲಿಲ್ಲ. ಹೇಗೋ ಒಳಗೆ ಹೋದರೆ "ಇವತ್ತು ನಿಮ್ಮ ಮನಸ್ಸಿಗೆ 10ಕ್ಕೆ ಎಷ್ಟು ಅಂಕ ಕೊಡುತ್ತೀರಿ?" ಅಂತ ಕೇಳಿತು, ಪಕ್ಕದಲ್ಲಿ ನಗುಮುಖದ ಚಿತ್ರ ಬೇರೆ. ಮುಚ್ಚಿ ಅಕ್ಕನಿಗೆ ಫೋನ್ ಮಾಡಿದೆ. ಪುಣ್ಯಕ್ಕೆ ಅವಳು ಎತ್ತಿದಳು. ಆ ಆ್ಯಪ್ ಮಾಡಿದವರ ಮನಸ್ಸು ಕೆಟ್ಟದ್ದೇನಲ್ಲ. ಅವರು ಹಗಲು ಹೊತ್ತಿನಲ್ಲಿ, ನಿದ್ದೆ ಮಾಡಿ ಎದ್ದ ತಲೆಯಲ್ಲಿ, ದೊಡ್ಡ ಸ್ಕ್ರೀನ್ ಮುಂದೆ ಕೂತು ಮಾಡಿದ್ದರು. ನಾನು ಅದನ್ನು ತೆರೆದದ್ದು ಹಾಗಲ್ಲ.

ಅನುಭವ ಇದ್ದವರೂ ಎಡವುತ್ತಾರೆ. ಬ್ರಿಟನ್ನಿನ ಸಮಾರಿಟನ್ಸ್ ಸಂಸ್ಥೆ 1953ರಿಂದ ಸಂಕಟದಲ್ಲಿರುವವರ ಮಾತು ಕೇಳುತ್ತಾ ಬಂದಿದೆ. 2014ರ ಅಕ್ಟೋಬರ್ ಕೊನೆಯಲ್ಲಿ ಅವರು ರಾಡಾರ್ ಅನ್ನುವ ಆ್ಯಪ್ ತಂದರು. ನೀವು ಸೇರಿಕೊಂಡರೆ, ಟ್ವಿಟ್ಟರ್‌ನಲ್ಲಿ ನೀವು ಫಾಲೋ ಮಾಡುವವರ ಟ್ವೀಟ್‌ಗಳನ್ನು ಅದು ಜಾಲಾಡಿ, ನೋವಿನ ಮಾತು ಕಂಡರೆ ನಿಮಗೆ ಇಮೇಲ್ ಕಳಿಸುತ್ತಿತ್ತು. ಟ್ವೀಟ್ ಬರೆದವರಿಗೆ ಇದು ಗೊತ್ತೇ ಆಗುತ್ತಿರಲಿಲ್ಲ. ಮಾನಸಿಕ ಕಾಯಿಲೆಯ ಜೊತೆ ಬದುಕುವವರೇ ಮೊದಲು ಸಿಟ್ಟಿಗೆದ್ದರು. ನನ್ನನ್ನು ಪೀಡಿಸುವವನೂ ನನ್ನನ್ನು ಫಾಲೋ ಮಾಡುತ್ತಿರಬಹುದು, ನಾನು ಯಾವಾಗ ಕುಸಿದಿದ್ದೇನೆ ಅಂತ ಅವನಿಗೆ ಸುದ್ದಿ ಮುಟ್ಟಿಸುತ್ತೀರಾ ಅನ್ನುವುದು ಅವರ ಭಯ. ಹತ್ತು ದಿನ ತುಂಬುವ ಮೊದಲೇ, ನವೆಂಬರ್ 7ಕ್ಕೆ, ಅದನ್ನು ನಿಲ್ಲಿಸಬೇಕಾಯಿತು. ಹಾಗಾಗಿ ಬಳಕೆದಾರರು ಯಾರು ಅಂತ ಪಟ್ಟಿ ಮಾಡುವಾಗ ಆ್ಯಪ್ ಹಾಕಿಕೊಳ್ಳುವವರನ್ನು ಮಾತ್ರ ಎಣಿಸಬೇಡಿ. ಅದು ಯಾರ ಬಗ್ಗೆ ಮಾತಾಡುತ್ತದೋ ಅವರೂ ಬಳಕೆದಾರರೇ.

ಇನ್ನು ನಿಮ್ಮ ಭಯದ ವಿಷಯ. ಅಮೆರಿಕದ ನ್ಯೂಯಾರ್ಕ್ ರಾಜ್ಯದಲ್ಲಿ 2,342 ಹೈಸ್ಕೂಲ್ ವಿದ್ಯಾರ್ಥಿಗಳ ಮೇಲೆ ನಡೆದ ಒಂದು ಅಧ್ಯಯನ 2005ರಲ್ಲಿ ಪ್ರಕಟವಾಯಿತು. ಆತ್ಮಹತ್ಯೆಯ ಬಗ್ಗೆ ನೇರವಾಗಿ ಕೇಳಿದ್ದರಿಂದ ಅವರ ಸಂಕಟವಾಗಲಿ, ಅಂಥ ಯೋಚನೆಯಾಗಲಿ ಜಾಸ್ತಿಯಾಗಲಿಲ್ಲ. ಅದು ಪ್ರಶ್ನೆಪತ್ರಿಕೆ, ನಿಮ್ಮದು ಗಂಟೆಗಟ್ಟಲೆ ಕೂರುವ ಕೆಲಸ, ಎರಡೂ ಒಂದೇ ಅಲ್ಲ, ಒಪ್ಪುತ್ತೇನೆ. ಆದರೆ "ಕೇಳಿದರೇ ಅನಾಹುತ" ಅಂತ ಹೆದರಿ ಅವರನ್ನು ದೂರ ಇಡಬೇಡಿ. ಕೇಳುವ ರೀತಿ ಸರಿ ಇರಬೇಕು, ಅಷ್ಟೇ. ನಾವು ಯಾರಿಗೂ "ನಿಮ್ಮ ಕಥೆ ಹೇಳಿ" ಅನ್ನಲಿಲ್ಲ. ಏನು ಕೇಳುತ್ತೇವೆ ಅಂತ ಮೊದಲೇ ಬರೆದು ಕಳಿಸುತ್ತಿದ್ದೆವು. ಐದಾರು ಜನಕ್ಕಿಂತ ಜಾಸ್ತಿ ಕೂರಿಸುತ್ತಿರಲಿಲ್ಲ, ಪಕ್ಕದ ರೂಮಿನಲ್ಲಿ ಟೀಮ್‌ಗೆ ಸೇರದ ಒಬ್ಬ ಕೌನ್ಸೆಲರ್ ಇರುತ್ತಿದ್ದರು. ಯಾರು ಬೇಕಾದರೂ ಕಾರಣ ಹೇಳದೆ ಎದ್ದು ಹೋಗಬಹುದಿತ್ತು, ಅರ್ಧಕ್ಕೆ ಹೋದರೂ ಪೂರ್ತಿ ಹಣ. ಹಣ ಕೊಡಲೇಬೇಕು, ಇದರಲ್ಲಿ ನನಗೆ ಎರಡನೇ ಮಾತಿಲ್ಲ. ಡಿಸೈನರ್‌ಗೆ ಸಂಬಳ, ಬದುಕನ್ನೇ ಪಣಕ್ಕಿಟ್ಟು ಕಲಿತವರಿಗೆ ಬರೀ ಥ್ಯಾಂಕ್ಸ್ ಅಂದರೆ ಅದು ಅನ್ಯಾಯ. ಮಾರನೇ ದಿನ ಫೋನ್ ಮಾಡಿ ಹೇಗಿದ್ದೀರಿ ಅಂತ ಕೇಳುವುದನ್ನೂ ಮರೆಯಬೇಡಿ. ಈಗಲೂ ಸಂಕಟದ ಮಧ್ಯದಲ್ಲೇ ಇರುವವರನ್ನು ಮಾತ್ರ ಕರೆಯಬೇಡಿ, ಅವರಿಗೆ ಈಗ ಬೇಕಾದ್ದು ಬೇರೆ.

ಹಾಗೆ ಕರೆದು ಕೂರಿಸಿದವರು ನಮ್ಮ ಆ್ಯಪ್‌ನಲ್ಲಿ ಬದಲಿಸಿದ್ದನ್ನು ಹೇಳಿದರೆ ನಿಮಗೆ ಅಂದಾಜು ಸಿಗಬಹುದು. ಲಾಗಿನ್ ಹೋಯಿತು. ಪ್ರತಿದಿನ ಬರುತ್ತಿದ್ದ ನೋಟಿಫಿಕೇಶನ್ ಹೋಯಿತು, ಅದು ಲಾಕ್ ಸ್ಕ್ರೀನ್ ಮೇಲೆ ಮನೆಯವರ ಕಣ್ಣಿಗೆ ಬೀಳುತ್ತಿತ್ತು. ಕೆಂಪು ಬಣ್ಣ ಬೇಡ ಅಂದರು. ಸಹಾಯದ ಬಟನ್ ಒತ್ತಿದರೆ ಕರೆ ಯಾರಿಗೆ ಹೋಗುತ್ತದೆ, ಪೊಲೀಸರು ಬರುತ್ತಾರಾ, ಮನೆಯವರಿಗೆ ಹೇಳುತ್ತೀರಾ, ಇದನ್ನು ಬಟನ್ ಪಕ್ಕದಲ್ಲೇ ಬರೆಯಿರಿ ಅಂದರು. ನಮಗೆ ಹೊಳೆದೇ ಇರಲಿಲ್ಲ. ಇದು ಗೊತ್ತಿಲ್ಲದೆ ಬಟನ್ ಒತ್ತುವುದಕ್ಕೆ ಹೆದರಿ ಫೋನ್ ಕೆಳಗಿಟ್ಟವರು ಆ ರೂಮಿನಲ್ಲೇ ಮೂವರಿದ್ದರು.

ಆ್ಯಪ್‌ನ ಒಳಗೆ ಏನಿಡಬೇಕು ಅನ್ನುವುದಕ್ಕೆ ಅಮೆರಿಕದ ಮನಶ್ಶಾಸ್ತ್ರಜ್ಞರಾದ ಬಾರ್ಬರಾ ಸ್ಟ್ಯಾನ್ಲಿ, ಗ್ರೆಗರಿ ಬ್ರೌನ್ ರೂಪಿಸಿದ ಸೇಫ್ಟಿ ಪ್ಲಾನ್ ನೋಡಿ, ಅಂದರೆ ಕುಸಿದ ಹೊತ್ತಿನಲ್ಲಿ ಏನು ಮಾಡಬೇಕು ಅಂತ ಮೊದಲೇ ಬರೆದಿಟ್ಟುಕೊಳ್ಳುವ ಪಟ್ಟಿ. ಆರು ಹಂತ: ಕುಸಿಯುತ್ತಿದ್ದೇನೆ ಅನ್ನುವ ಸುಳಿವುಗಳು, ನಾನೇ ಮಾಡಬಹುದಾದದ್ದು, ಮನಸ್ಸು ಬೇರೆಡೆಗೆ ತಿರುಗಿಸುವ ಜನ ಮತ್ತು ಜಾಗ, ಸಹಾಯ ಕೇಳಬಹುದಾದ ಆಪ್ತರು, ವೈದ್ಯರು ಮತ್ತು ಹೆಲ್ಪ್‌ಲೈನ್, ಕೊನೆಗೆ ಸುತ್ತಲಿನ ಜಾಗವನ್ನು ಸುರಕ್ಷಿತ ಮಾಡಿಕೊಳ್ಳುವುದು. ಅಮೆರಿಕದ ಮಾಜಿ ಸೈನಿಕರ ಆಸ್ಪತ್ರೆಗಳ ತುರ್ತು ವಿಭಾಗಗಳಲ್ಲಿ ಈ ಪ್ಲಾನ್ ಜೊತೆಗೆ ಆಮೇಲೆ ಫೋನ್ ಮಾಡಿ ವಿಚಾರಿಸಿದಾಗ, ಮಾಮೂಲಿ ಚಿಕಿತ್ಸೆಗೆ ಹೋಲಿಸಿದರೆ ಮುಂದಿನ 6 ತಿಂಗಳಲ್ಲಿ ಆತ್ಮಹತ್ಯೆಯ ಪ್ರಯತ್ನದಂಥ ನಡವಳಿಕೆ ಸುಮಾರು ಶೇ 45ರಷ್ಟು ಕಡಿಮೆ ಕಂಡಿತು ಅಂತ 2018ರ ವರದಿ ಹೇಳುತ್ತದೆ. ಆದರೆ ಆ ಪ್ಲಾನ್ ಬರೆಯುವುದು ಅವರವರ ಮಾತಿನಲ್ಲಿ. ನೀವು ಚೆಂದದ ವಾಕ್ಯಗಳನ್ನು ತುಂಬಿ ಆರಿಸಿಕೊಳ್ಳಿ ಅಂದರೆ ಅದು ನಿಮ್ಮ ಪ್ಲಾನ್ ಆಗುತ್ತದೆ, ಅವರದ್ದಲ್ಲ.

ಮೊದಲ ದಿನ ಏನು ಕೇಳುವುದು ಅಂತ ತೋಚದಿದ್ದರೆ ಇದೊಂದನ್ನು ಕೇಳಿ: ಆ ಹೊತ್ತಿನಲ್ಲಿ ನಿಮ್ಮ ಫೋನ್ ಎಲ್ಲಿತ್ತು, ಹೇಗಿತ್ತು? ನಮ್ಮಲ್ಲಿ ಈ ಒಂದು ಪ್ರಶ್ನೆಗೇ ಎರಡು ಗಂಟೆ ಹೋಯಿತು. ಒಬ್ಬರ ಸ್ಕ್ರೀನ್ ಒಡೆದಿತ್ತು, ಒಬ್ಬರದು ತಮ್ಮನ ಜೊತೆ ಹಂಚಿಕೊಂಡ ಫೋನ್, ಒಬ್ಬರ ಬಳಿ ಡೇಟಾ ಮುಗಿದಿತ್ತು. ಕೊನೆಯಲ್ಲಿ ಕೂತಿದ್ದ ಹುಡುಗ ಚಾರ್ಜೇ ಇರಲಿಲ್ಲ ಅಂದ. ಪ್ಲಾನ್ ಅನ್ನು ಕಾಗದದ ಮೇಲೆ ಪ್ರಿಂಟ್ ತೆಗೆಯುವ ಬಟನ್ ಅವತ್ತು ಸಂಜೆಯೇ ಸೇರಿತು.