‘ಮತ್ತೆ ಉಬ್ಬು ಬಂದರೇ ಒಳ್ಳೇದು’ ಎಂದವರಿಗೆ ಹೇಳಿದ್ದು

ಹರ್ನಿಯಾ (ಹೊಟ್ಟೆಗೋಡೆ ಸಡಿಲವಾದ ಕಡೆ ಒಳಗಿನ ಭಾಗ ಹೊರಗೆ ಉಬ್ಬುವುದು) ಆಪರೇಷನ್ ಆಗಿ ತಿಂಗಳುಗಟ್ಟಲೆ ಕಳೆದರೂ ನೋವು ಬಿಡದೆ ಆಪ್ತಸಲಹೆಗೆ ಬರುವವರು ಪದೇ ಪದೇ ಕೇಳುವ ಪ್ರಶ್ನೆ ಒಂದಿದೆ: ‘ಸ್ಕ್ಯಾನ್ ನಾರ್ಮಲ್ ಅಂತಾರೆ, ಹಾಗಾದ್ರೆ ಇದೆಲ್ಲ ನನ್ನ ಮನಸ್ಸಿನದ್ದಾ?’ ಅಲ್ಲ. ಅದು ಯಾಕಲ್ಲ ಎಂದು ಬಿಡಿಸಿ ಹೇಳಲಿಕ್ಕೇ ಈ ಪ್ರಕರಣ ಬರೆಯುತ್ತಿದ್ದೇನೆ. ಗುರುತು ಹತ್ತುವ ವಿವರಗಳನ್ನು ಬದಲಿಸಿದೆ.

ನಲವತ್ತರ ಆಸುಪಾಸಿನ ಗಂಡಸು. ತೊಡೆಸಂದಿನ ಹರ್ನಿಯಾಗೆ ಮೊದಲ ಸಲ ಕೆಳಹೊಟ್ಟೆಯ ಮುಂಭಾಗ ಕೊಯ್ದು, ಸಡಿಲವಾದ ಜಾಗಕ್ಕೆ ಬಲ ಕೊಡುವ ಜಾಲರಿ (ಮೆಶ್) ಹಾಕಿದ್ದರು. ಕೆಲವು ವರ್ಷಗಳಲ್ಲಿ ಅದೇ ಜಾಗದಲ್ಲಿ ಮತ್ತೆ ಉಬ್ಬಿತು. ಎರಡನೆಯದು ಲ್ಯಾಪರೋಸ್ಕೋಪಿ, ಅಂದರೆ ಸಣ್ಣ ತೂತುಗಳಿಂದ ಕ್ಯಾಮೆರಾ ಹಾಕಿ ಮಾಡುವ ಆಪರೇಷನ್. ಮುಂದಿನಿಂದ ಮಾಡಿದ್ದು ಮರುಕಳಿಸಿದಾಗ ಹೀಗೆ ಹೊಟ್ಟೆಗೋಡೆಯ ಒಳಬದಿಯಿಂದ ಹೋಗುವುದು ಸಾಮಾನ್ಯ ಕ್ರಮ. ಹಳೇ ಗಾಯದ ಅಂಟಿನೊಳಗೆ ಮತ್ತೆ ಕೈಹಾಕಬೇಕಿಲ್ಲ. ಅದಾಗಿ ಎಂಟು ತಿಂಗಳಾಗಿತ್ತು. ಉಬ್ಬು ಇರಲಿಲ್ಲ, ನೋವು ಇತ್ತು. ಮೆಟ್ಟಿಲು ಹತ್ತುವುದನ್ನು ಬಿಟ್ಟಿದ್ದರು, ಹೆಂಡತಿಯ ಹತ್ತಿರ ಹೋಗುವುದನ್ನೂ ಬಿಟ್ಟಿದ್ದರು. ಗಂಟೆಗೆ ಎರಡು ಮೂರು ಸಲ ತೊಡೆಸಂದನ್ನು ಒತ್ತಿ ಒತ್ತಿ ನೋಡಿಕೊಳ್ಳುತ್ತಿದ್ದರು. ಜಾಲರಿ ತೆಗೆಸಿಬಿಡಬೇಕು ಎನ್ನುವುದೊಂದೇ ಹಟ.

ಮೂರನೇ ಭೇಟಿಯಲ್ಲಿ ದೇಹದ ರೇಖಾಚಿತ್ರ ಕೊಟ್ಟು, ನೋವಿರುವ ಕಡೆ ಪೆನ್ನಿನಿಂದ ಗೆರೆ ಎಳೆಯಲು ಹೇಳಿದೆ. ಉರಿಗೆ ಅಡ್ಡಗೆರೆ, ಜೋಮಿಗೆ ಚುಕ್ಕೆ, ಎಳೆತಕ್ಕೆ ಬಾಣ. ಗಾಯದ ಗುರುತಿನ ಹತ್ತಿರ ಅವರು ಹಾಕಿದ್ದು ಒಂದೇ ಬಾಣ. ಅಡ್ಡಗೆರೆಗಳೆಲ್ಲ ಒಳತೊಡೆಯ ಮೇಲ್ಭಾಗಕ್ಕೂ ವೃಷಣಚೀಲದ ಒಂದು ಪಕ್ಕಕ್ಕೂ ಇಳಿದಿದ್ದವು. ಒಳಉಡುಪಿನ ಅಂಚು ತಗುಲಿದರೂ ಚುರುಕ್ಕೆನ್ನುತ್ತದೆ ಎಂದರು.

‘ಉಬ್ಬು ಕಾಣದೇ ಇದ್ದಾಗ ನಿಮಗೆ ಏನನ್ನಿಸುತ್ತೆ?’ ಎಂದು ಕೇಳಿದೆ.

ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಮತ್ತೆ ಬಂದ್ರೇ ಒಳ್ಳೇದು ಅನ್ಸತ್ತೆ ಮೇಡಂ. ಆಗಲಾದ್ರೂ ಮನೆಯವರು ನಂಬ್ತಾರೆ’ ಎಂದರು.

ದಿನವಿಡೀ ಒತ್ತಿ ನೋಡಿಕೊಳ್ಳುತ್ತಿದ್ದುದರ ಅರ್ಥ ಆಗ ಬದಲಾಯಿತು. ಮರುಕಳಿಸೀತು ಎಂಬ ಭಯ ಇದ್ದದ್ದು ನಿಜ, ಆದರೆ ಅದಕ್ಕಿಂತ ಹೆಚ್ಚಾಗಿ ಅವರು ಸಾಕ್ಷಿ ಹುಡುಕುತ್ತಿದ್ದರು. ನೋವನ್ನು ನಂಬಿಸಲು ಉಬ್ಬು ಬೇಕಿಲ್ಲ ಎಂದು ಅವರಿಗೆ ಖಡಾಖಂಡಿತವಾಗಿ ಹೇಳಿದೆ. ‘ಮತ್ತೆ ಬಂದಿದೆಯಾ?’ ಎನ್ನುವುದು ಒಂದು ಪ್ರಶ್ನೆ. ‘ಯಾಕೆ ನೋಯುತ್ತಿದೆ?’ ಎನ್ನುವುದು ಇನ್ನೊಂದು. ಮೊದಲನೆಯದಕ್ಕೆ ಇಲ್ಲ ಎಂಬ ಉತ್ತರ ಬಂದರೆ ಎರಡನೆಯದು ಮುಗಿಯುವುದಿಲ್ಲ. ತೊಡೆಸಂದಿನಲ್ಲಿ ಹಾದುಹೋಗುವ ಸಣ್ಣ ನರಗಳು ಗಾಯದ ಅಂಟಿಗೋ ಹೊಲಿಗೆಗೋ ಜಾಲರಿಯ ಅಂಚಿಗೋ ಸಿಕ್ಕಿಕೊಂಡರೆ ಉರಿ, ಜೋಮು, ಬಟ್ಟೆ ತಾಗಿದರೂ ನೋವು ಬರುತ್ತದೆ. ಇದು ಸ್ಕ್ಯಾನಿನಲ್ಲಿ ಸಾಮಾನ್ಯವಾಗಿ ಕಾಣುವುದಿಲ್ಲ. ಆಪರೇಷನ್ ನಂತರ 3 ತಿಂಗಳು ದಾಟಿದ ನೋವನ್ನು ವೈದ್ಯಶಾಸ್ತ್ರವೇ ದೀರ್ಘಕಾಲದ ನೋವು ಎಂದು ಪ್ರತ್ಯೇಕವಾಗಿ ಗುರುತಿಸುತ್ತದೆ. ಮೊದಲೇ ಒಮ್ಮೆ ಆಪರೇಷನ್ ಆದ ಜಾಗದಲ್ಲಿ ಅದರ ಸಾಧ್ಯತೆ ಇನ್ನೂ ಹೆಚ್ಚು.

ಮುಂದಿನ ಹೆಜ್ಜೆಗಳನ್ನು ಒಟ್ಟಿಗೆ ಬರೆದೆವು. ಎರಡೂ ಆಪರೇಷನ್‌ಗಳ ಟಿಪ್ಪಣಿ ಕೇಳಿ ಪಡೆಯುವುದು; ಡಿಸ್ಚಾರ್ಜ್ ಚೀಟಿ ಸಾಲದು. ಜಾಲರಿಯನ್ನು ಹೊಲಿಗೆಯಿಂದ ಕೂರಿಸಿದ್ದೋ, ಪಿನ್ನಿನಿಂದಲೋ, ನರಗಳನ್ನು ಗುರುತಿಸಿದ್ದರೋ, ಕತ್ತರಿಸಿದ್ದರೋ ಎನ್ನುವುದು ಅದರಲ್ಲಿರಬೇಕು. ಮಲಗಿಸಿ ಮಾತ್ರ ಸ್ಕ್ಯಾನ್ ಮಾಡಿದ್ದರೆ, ನಿಲ್ಲಿಸಿ, ಕೆಮ್ಮಿಸಿ, ತಿಣುಕಿಸಿ ಇನ್ನೊಮ್ಮೆ ಮಾಡಿಸುವುದು. ಆಮೇಲೆ ನೋವು ತಜ್ಞರ ಹತ್ತಿರ ನರದ ಸುತ್ತ ಮರಗಟ್ಟಿಸುವ ಇಂಜೆಕ್ಷನ್ ಬಗ್ಗೆ ಕೇಳುವುದು. ಅದನ್ನು ಕೊಟ್ಟ ದಿನ ಸುಮ್ಮನೆ ಮಲಗಬಾರದು. ಕಾಲು ಜೋಮು ಹಿಡಿದಿಲ್ಲ ಎಂದು ಖಾತ್ರಿಯಾದ ಮೇಲೆ, ಸಾಮಾನ್ಯವಾಗಿ ನೋವು ತರಿಸುವ ಕೆಲಸವನ್ನೇ ಮಾಡಿ, ಮೊದಲು ಎಷ್ಟಿತ್ತು, ಅರ್ಧ ಗಂಟೆಗೆ ಎಷ್ಟು, ಎರಡು ಗಂಟೆಗೆ ಎಷ್ಟು ಎಂದು ಹತ್ತಕ್ಕೆ ಅಂಕ ಬರೆದಿಡಬೇಕು. ನೋವು ಇಳಿದರೆ ನರದ ಕಡೆಗೆ ಸುಳಿವು ಸಿಕ್ಕಿತು. ಇಳಿಯದಿದ್ದರೆ ಬೇರೆ ಮೂಲ ಹುಡುಕಬೇಕು, ನೋವು ಸುಳ್ಳು ಎಂದಲ್ಲ.

ಒತ್ತಿ ನೋಡುವುದನ್ನು ದಿನಕ್ಕೆ ಒಂದೇ ಸಲಕ್ಕೆ ಇಳಿಸಿದೆವು: ಸ್ನಾನದ ನಂತರ, ನಿಂತು, ಬರೀ ಕಣ್ಣಿಂದ. ಮೊದಲೇ ಕೆರಳಿದ ನರವನ್ನು ಬೆರಳಿನಿಂದ ಕೆದಕಿದರೆ ಸಂಜೆಗೆ ಉರಿ ಹೆಚ್ಚುವುದು ಸಹಜ. ನಡಿಗೆಯನ್ನು ಕೆಟ್ಟ ದಿನದಲ್ಲೂ ಆಗುವಷ್ಟರಿಂದ ಶುರುಮಾಡಿದೆವು. ಅವರಿಗೆ ಅದು 8 ನಿಮಿಷ. ವಾರಕ್ಕೊಂದು ನಿಮಿಷ ಹೆಚ್ಚಿಸಬೇಕು, ಒಳ್ಳೆಯ ದಿನ ಬಂತೆಂದು 30 ನಿಮಿಷ ನಡೆಯಬಾರದು. ಹಾಗೆ ನಡೆದವರೇ ಮರುದಿನ ಹಾಸಿಗೆ ಹಿಡಿದು, ಜಾಲರಿ ಹರಿಯಿತು ಎಂದು ಹೆದರುವುದು. ಟ್ರಮಡಾಲ್‌ನಂಥ ನೋವಿನ ಮಾತ್ರೆ ಮಲ ಗಟ್ಟಿ ಮಾಡುತ್ತದೆ, ಆಗ ತಿಣುಕಿದರೆ ಒತ್ತಡ ತೊಡೆಸಂದಿಗೆ ಬೀಳುತ್ತದೆ. ಅದನ್ನು ಬರೆದುಕೊಟ್ಟ ವೈದ್ಯರಿಗೆ ಬಾಯಿಬಿಟ್ಟು ಹೇಳಲೇಬೇಕು. ನರನೋವಿನ ಮಾತ್ರೆಗಳು ಹಿಡಿಯಲು ವಾರಗಳು ಬೇಕು, ಮಧ್ಯೆ ಥಟ್ಟನೆ ನಿಲ್ಲಿಸಬಾರದು. ಸಂಭೋಗದಲ್ಲಿ, ವೀರ್ಯ ಹೋಗುವಾಗ ನೋಯುತ್ತದೆ ಎನ್ನುವುದನ್ನು ನಾನು ಕೇಳುವವರೆಗೆ ಅವರು ಯಾರಿಗೂ ಹೇಳಿರಲಿಲ್ಲ. ಸರ್ಜನ್‌ಗೆ ಅದು ಗೊತ್ತಾಗಲೇಬೇಕಾದ ಲಕ್ಷಣ.

ಮೂರನೇ ಆಪರೇಷನ್‌ಗೆ ನಾನು ಅಡ್ಡ ಬಂದೆ ಎಂದು ಅವರ ಅಣ್ಣ ಬೇಸರ ಮಾಡಿಕೊಂಡರು. ಆಪರೇಷನ್ ಬೇಕೇ ಬೇಡವೇ ಎಂದು ತೀರ್ಮಾನಿಸುವುದು ಆಪ್ತಸಲಹೆಗಾರರ ಕೆಲಸವಲ್ಲ, ನಾನು ಬೇಡ ಎಂದೂ ಹೇಳಿಲ್ಲ. ನೋವಿನ ಮೂಲ ಗೊತ್ತಿಲ್ಲದೆ ಜಾಲರಿ ಕೀಳಿಸಿದರೆ ಹರ್ನಿಯಾವೂ ಮರಳಬಹುದು, ನೋವೂ ಉಳಿಯಬಹುದು. ಮುಂದೆ ನರ ಕತ್ತರಿಸುವ ಅಥವಾ ಜಾಲರಿ ತೆಗೆಯುವ ನಿರ್ಧಾರಕ್ಕೆ ಬಂದರೆ, ಈ ಕೆಲಸವನ್ನೇ ಹೆಚ್ಚಾಗಿ ಮಾಡುವ ಸರ್ಜನ್ ಕೈಯಲ್ಲಿ ಆಗಲಿ. ಆಪರೇಷನ್ ಮುಗಿದ ಕೆಲವೇ ಗಂಟೆಗಳಲ್ಲಿ ತಡೆಯಲಾರದ ಶಾಕ್ ಹೊಡೆದಂಥ ನೋವು ಶುರುವಾದರೆ ಮಾತ್ರ ಲೆಕ್ಕ ಬೇರೆ, ಆಗ ಕಾಯಬಾರದು. ಉಬ್ಬು ಬಂದು ಗಟ್ಟಿಯಾಗಿ ಒಳಗೆ ಹೋಗದಿದ್ದರೂ, ಉಬ್ಬಿನ ಜೊತೆ ವಾಂತಿಯಾದರೂ, ಹೊಟ್ಟೆಯ ಗಾಳಿ ಹೋಗುವುದು ನಿಂತರೂ ಅಷ್ಟೇ: ಒತ್ತಿ ಒಳಗೆ ತಳ್ಳಲು ಹೋಗದೆ ನೇರ ತುರ್ತು ಚಿಕಿತ್ಸೆಗೆ.

ಕೊನೆಗೆ ಹೆಂಡತಿಯನ್ನೂ ಕರೆಸಿ ಆ ರೇಖಾಚಿತ್ರ ತೋರಿಸಿದೆವು. ‘ಇನ್ನೂ ನೋಯ್ತಿದ್ಯಾ?’ ಎಂದು ಕೇಳುವ ಬದಲು ‘ಇವತ್ತು ಎಷ್ಟು ನಡೆದ್ರಿ?’ ಎಂದು ಕೇಳಲು ಅವರು ಒಪ್ಪಿದರು. ಇಂಜೆಕ್ಷನ್ ಆದ ದಿನ ಅಂಕ ಏಳರಿಂದ ಮೂರಕ್ಕೆ ಇಳಿಯಿತು. ಈಗ ನೋವು ತಜ್ಞರ ಚಿಕಿತ್ಸೆ ನಡೆಯುತ್ತಿದೆ. ನೋವು ಪೂರ್ತಿ ಹೋಗಿಲ್ಲ, ಮೆಟ್ಟಿಲು ಹತ್ತುತ್ತಿದ್ದಾರೆ.