ಹಳೆ ಪೆನ್ನಿಗೆ ಹೊಸ ಚೀಲ

ಶಾಯಿ ಪೆನ್ನಿನ ರಿಪೇರಿ, ಅದರಲ್ಲೂ ಒಳಗೆ ಶಾಯಿ ತುಂಬಿಕೊಳ್ಳುವ ಚೀಲದ ಕುರಿತು ಓದುಗರು ಕೇಳಿದ ಪ್ರಶ್ನೆಗಳಿಗೆ ಈ ಸಲದ ಉತ್ತರಗಳು.

ಪ್ರಶ್ನೆ: ಇಲ್ಲಿನ ಹಳೆ ಸಾಮಾನಿನ ಸಂತೆಯಲ್ಲಿ ಎಸ್ಟರ್‌ಬ್ರೂಕ್ ಜೆ ಪೆನ್ನೊಂದು ಸಿಕ್ಕಿತು. ಪಕ್ಕದ ಲಿವರ್ ಎತ್ತಲು ಹೋದರೆ ಅಲುಗುವುದಿಲ್ಲ. ಅಲ್ಲಾಡಿಸಿದರೆ ಒಳಗೆ ಕಾಳು ತುಂಬಿದಂತೆ ಗಲಗಲ ಸದ್ದು. ರಬ್ಬರ್ ಚೀಲವನ್ನು ನಾನೇ ಬದಲಿಸಬಹುದೇ? ಯಾವ ಅಳತೆ ತರಿಸಲಿ?
— ನ್ಯೂಜೆರ್ಸಿಯ ಓದುಗರು

ಉತ್ತರ: ಖಂಡಿತ ಬದಲಿಸಬಹುದು. ಈ ಪೆನ್ನು ನಿಮ್ಮ ರಾಜ್ಯದ ಕ್ಯಾಮ್ಡೆನ್‌ನಲ್ಲೇ ತಯಾರಾಗುತ್ತಿತ್ತು. ಕೈ ಪಳಗಿಸಿಕೊಳ್ಳುವವರಿಗೆ ಇದಕ್ಕಿಂತ ಒಳ್ಳೆಯ ಪೆನ್ನು ಸಿಗುವುದು ಕಷ್ಟ.

ಮೊದಲು ಲಿವರ್ ಎಳೆಯುವುದನ್ನು ನಿಲ್ಲಿಸಿ. ಗಲಗಲ ಅನ್ನುತ್ತಿರುವುದು ಹಳೆ ಚೀಲದ ಚೂರುಗಳು. ಲೇಟೆಕ್ಸ್ ರಬ್ಬರ್ ದಶಕಗಳಲ್ಲಿ ಗಾಳಿಯ ಆಮ್ಲಜನಕ ಹೀರಿ ಹಪ್ಪಳದಂತೆ ಗಟ್ಟಿಯಾಗುತ್ತದೆ. ಕೆಲವೊಮ್ಮೆ ಕರಗಿ ಡಾಂಬರಿನಂತೆ ಅಂಟಾಗುತ್ತದೆ. ಗಟ್ಟಿಯಾದ ರಬ್ಬರು ಲಿವರಿನ ಕೆಳಗೆ ಸಿಕ್ಕಿಕೊಂಡಿರುವಾಗ ಬಲ ಹಾಕಿದರೆ ಲಿವರ್ ಬಾಗುತ್ತದೆ, ಇಲ್ಲವೇ ಅದು ಕೂರುವ ಸೀಳಿನ ಅಂಚು ಒಡೆಯುತ್ತದೆ. ಒಣಗಲು ಕಾಯುವ ಹೊತ್ತು ಬಿಟ್ಟರೆ ಚೀಲ ಬದಲಿಸುವುದು ಅರ್ಧ ಗಂಟೆಯ ಕೆಲಸ. ಒಡೆದ ಬ್ಯಾರೆಲ್, ಅಂದರೆ ಪೆನ್ನಿನ ಕೊಳವೆಯಂಥ ಮೈ, ಸರಿಮಾಡುವುದು ಅಷ್ಟು ಸುಲಭವಲ್ಲ.

ಬೆರಳು ಹಿಡಿಯುವ ಕುತ್ತಿಗೆ ಈ ಪೆನ್ನಿನಲ್ಲಿ ಬ್ಯಾರೆಲ್ ಒಳಗೆ ಬಿಗಿಯಾಗಿ ತುರುಕಿ ಕೂರಿಸಿದ್ದು. ಅದಕ್ಕೆ ತಿರುಚಿ ಕೂರಿಸುವ ಮರೆ (ಥ್ರೆಡ್) ಇಲ್ಲ. ಒಣಗಿದ ಶಾಯಿ ಅದನ್ನು ಗೋಂದಿನಂತೆ ಹಿಡಿದಿರುತ್ತದೆ. ಹೇರ್ ಡ್ರೈಯರ್‌ನ ಬಿಸಿಗಾಳಿಯಲ್ಲಿ ಕೂಡುವ ಜಾಗವನ್ನು ತಿರುಗಿಸುತ್ತ ಅರ್ಧ ನಿಮಿಷ ಕಾಯಿಸಿ, ತೆಗೆದು ಮೇಲ್ತುಟಿಗೆ ತಾಗಿಸಿ ನೋಡಿ. ಬಿಸಿ ಅನ್ನಿಸಬೇಕು, ಸುಡಬಾರದು. 60 ಡಿಗ್ರಿ ಸೆಲ್ಸಿಯಸ್ ದಾಟಿದರೆ ಹಳೆ ಪ್ಲಾಸ್ಟಿಕ್ ಸೊಟ್ಟಗಾಗುವ ಭಯವಿದೆ. ಬೆಂಕಿಕಡ್ಡಿ, ಮೇಣದಬತ್ತಿ, ಸ್ಟವ್ ಹತ್ತಿರವೂ ಒಯ್ಯಬೇಡಿ. ಹಳೆ ಪೆನ್ನುಗಳಲ್ಲಿ ಎಷ್ಟೋ ಸೆಲ್ಯುಲಾಯ್ಡಿನವು, ಅದು ಭಗ್ಗನೆ ಹೊತ್ತಿಕೊಳ್ಳುವ ವಸ್ತು. ಎರಡೂ ಕೈಗೆ ಸೈಕಲ್ ಟ್ಯೂಬಿನ ತುಂಡು ಸುತ್ತಿಕೊಂಡು, ಕುತ್ತಿಗೆಯನ್ನು ಕೂದಲೆಳೆಯಷ್ಟು ಅತ್ತ ಇತ್ತ ತಿರುಗಿಸುತ್ತ ಹೊರಗೆಳೆಯಿರಿ. ಪಕ್ಕಕ್ಕೆ ಬಗ್ಗಿಸಿದರೆ ಬ್ಯಾರೆಲ್ ಬಾಯಿ ಬಿರುಕು ಬಿಡುತ್ತದೆ. ಬರಲಿಲ್ಲವೇ, ಮತ್ತೆ ಕಾಯಿಸಿ. ಐದಾರು ಸಲ ಬೇಕಾದರೂ ಅಡ್ಡಿಯಿಲ್ಲ. ನಿಬ್ಬನ್ನು ಈ ಹಂತದಲ್ಲಿ ಬಿಚ್ಚಬೇಡಿ: ಜೆ ಮಾದರಿಯಲ್ಲಿ ಅದು ತಿರುಚಿ ತೆಗೆಯುವಂಥದ್ದು, ಒಳಗಿದ್ದರೆ ಕುತ್ತಿಗೆ ಹಿಚುಕಿ ಒಡೆಯದಂತೆ ಆಧಾರವಾಗುತ್ತದೆ.

ಕುತ್ತಿಗೆ ಬಂದ ಮೇಲೆ ಚೂರುಗಳನ್ನು ಬಿದಿರಿನ ಕಡ್ಡಿಯಿಂದ ಕೆರೆದು ಸುರಿಯಿರಿ. ಲಿವರ್ ಎತ್ತಿದಾಗ ಚೀಲವನ್ನು ಒತ್ತುವ, ಒಳಗಿನ ಜೆ ಆಕಾರದ ಉಕ್ಕಿನ ಪಟ್ಟಿಯನ್ನು ಉದ್ದ ಚಿಮ್ಮಟದಿಂದ ಎಳೆದು ನೋಡಿ. ತುಕ್ಕು ಮೇಲ್ಮೇಲಿದ್ದರೆ ಉಜ್ಜಿ ಬಳಸಿ, ತಿಂದುಹೋಗಿದ್ದರೆ ಹೊಸದು ಹಾಕಿ. ಬ್ಯಾರೆಲನ್ನು ನೀರಿನಲ್ಲಿ ನೆನೆಸಬೇಡಿ, ಪಟ್ಟಿಗೂ ಲಿವರಿಗೂ ತುಕ್ಕು ಹಿಡಿಯುತ್ತದೆ. ಕುತ್ತಿಗೆಯ ಹಿಂದೆ ಚೀಲ ಕೂರುವ ಸಣ್ಣ ಮೂತಿಯಿದೆ. ಅದಕ್ಕಂಟಿದ ಹಳೆ ರಬ್ಬರು, ಚೀಲ ಅಂಟಿಸಿದ್ದ ಅರಗನ್ನು ಉಗುರಿನಿಂದ ಇಲ್ಲವೇ ಬ್ಲೇಡಿನ ಬೆನ್ನಿನಿಂದ ಪೂರ್ತಿ ಕೆರೆಯಿರಿ. ಇಲ್ಲಿ ಒಂದು ಕಣ ಉಳಿದರೂ ನಾಳೆ ಅಲ್ಲೇ ಸೋರುತ್ತದೆ.

ನಿಮ್ಮ ಪೆನ್ನಿಗೆ 16ನೇ ನಂಬರಿನ ಚೀಲ. ಈ ನಂಬರ್ ಅಂದರೆ ಹೊರವ್ಯಾಸ ಇಂಚಿನ ಅರವತ್ತನಾಲ್ಕನೇ ಭಾಗದಲ್ಲಿ ಎಷ್ಟು ಎಂಬುದು. 16 ಎಂದರೆ ಕಾಲಿಂಚು, 6.35 ಮಿ.ಮೀ. ಬೇರೆ ಪೆನ್ನಿನವರು ನಂಬರ್ ಗೊತ್ತಿಲ್ಲದಿದ್ದರೆ ಬ್ಯಾರೆಲ್ ಒಳಗೆ ಗೋಡೆಗೆ ತಿಕ್ಕದೆ ಸರಾಗವಾಗಿ ಇಳಿಯುವ ಚೀಲಗಳಲ್ಲಿ ದೊಡ್ಡದನ್ನು ಆರಿಸಲಿ. ಉದ್ದಕ್ಕೆ, ಪಟ್ಟಿಯನ್ನು ಒಳಗೆ ಕೂರಿಸಿಯೇ ಕಡ್ಡಿ ಇಳಿಸಿ ತಳದ ಆಳ ಗುರುತು ಮಾಡಿ. ಕುತ್ತಿಗೆಯಲ್ಲಿ ಮೂತಿಯೂ ಸೇರಿ ಒಳಗೆ ಹೋಗುವ ಭಾಗದ ಉದ್ದವನ್ನು ಅದರಿಂದ ಕಳೆದು, ಚೀಲ ಹತ್ತುವ ಮೂತಿಯ ಉದ್ದ ಕೂಡಿಸಿ, ಮತ್ತೆ 3 ಮಿ.ಮೀ. ಕಳೆಯಿರಿ. ತೆರೆದ ತುದಿಯಿಂದ ಹರಿತ ಕತ್ತರಿಯಲ್ಲಿ ನೇರ ಕತ್ತರಿಸಿ. ಉದ್ದ ಹೆಚ್ಚಾದರೆ ಚೀಲ ತಳದಲ್ಲಿ ಮಡಿಚಿಕೊಂಡು ಅರ್ಧವೂ ತುಂಬುವುದಿಲ್ಲ.

ಅಂಟಿಸಲು ಅರಗೇ ಬೇಕು, ಅಂದರೆ ಬಡಗಿಗಳು ಪಾಲಿಶ್‌ಗೆ ಬಳಸುವ ಅರಗಿನ ಚಕ್ಕೆ, ಶೆಲಾಕ್. 10 ಗ್ರಾಂ ಚಕ್ಕೆಯನ್ನು 40 ಮಿ.ಲೀ. ಸ್ಪಿರಿಟ್‌ನಲ್ಲಿ ಮುಚ್ಚಿದ ಗಾಜಿನ ಬಾಟಲಿಯಲ್ಲಿ ರಾತ್ರಿಯಿಡೀ ಕರಗಿಸಿ. ಒಂದು ಹನಿಯನ್ನು ಗಾಜಿನ ಮೇಲೆ ಹಚ್ಚಿಡಿ. ಮರುದಿನವೂ ಜಿಗುಟಾಗಿದ್ದರೆ ಆ ಅರಗು ಹಳೆಯದು, ಬಿಸಾಡಿ. ಮೂತಿಗೆ ಒಂದೇ ತೆಳು ಸುತ್ತು ಹಚ್ಚಿ, ಚೀಲದ ಬಾಯನ್ನು ಚಿಮ್ಮಟದಿಂದ ಹಿಗ್ಗಿಸಿ ಏರಿಸಿ, ಸೊಟ್ಟಗಾಗಿದ್ದರೆ ತಕ್ಷಣ ನೇರ ಮಾಡಿ. 12 ಗಂಟೆ ಮುಟ್ಟಬೇಡಿ.

ಒಣಗಿದ ಮೇಲೆ, ಬ್ಯಾರೆಲ್‌ಗೆ ಹಾಕುವ ಮೊದಲೇ ನಿಬ್ಬನ್ನು ನೀರಿನಲ್ಲಿ ಮುಳುಗಿಸಿ ಚೀಲವನ್ನು ಬೆರಳಿನಿಂದ ಹಿಚುಕಿ ನೋಡಿ. ಗುಳ್ಳೆ ನಿಬ್ಬಿನಿಂದ ಬಂದರೆ ಸರಿ, ಮೂತಿಯ ಸುತ್ತ ಬಂದರೆ ಅರಗು ಹಿಡಿದಿಲ್ಲ. ಸರಿಯಿದ್ದರೆ ಚೀಲಕ್ಕೆ ಅಪ್ಪಟ ಟಾಲ್ಕ್ ಪುಡಿ ಲೇಪಿಸಿ ಒಳಗಿಳಿಸಿ. ಪುಡಿಯಿಲ್ಲದಿದ್ದರೆ ಪಟ್ಟಿ ರಬ್ಬರನ್ನು ಉಜ್ಜಿ ಸವೆಸುತ್ತದೆ. ಸುವಾಸನೆಯ, ಜೋಳದ ಪಿಷ್ಟ ಬೆರೆತ ಮುಖದ ಪೌಡರು ಬೇಡ. ಕುತ್ತಿಗೆಯನ್ನು ಸ್ವಲ್ಪ ಬೆಚ್ಚಗೆ ಮಾಡಿಕೊಂಡ ಬ್ಯಾರೆಲ್‌ಗೆ ನೇರವಾಗಿ ಒತ್ತಿ, ತಿರುಚಬೇಡಿ: ಒಳಗೆ ಚೀಲವೂ ತಿರುಚಿಕೊಳ್ಳುತ್ತದೆ.

ಪ್ರಶ್ನೆ: ಅಜ್ಜನ ಶೇಫರ್ ಪೆನ್ನು, ತಿಳಿಹಸಿರು ಬಣ್ಣದ್ದು. ಚೀಲವನ್ನು ಫೆವಿಕ್ವಿಕ್‌ನಲ್ಲಿ ಅಂಟಿಸಿದರೆ ಸಾಕು ಎಂದು ಒಬ್ಬರು ಹೇಳಿದರು. ಸಿಲಿಕೋನ್ ಚೀಲವೂ ಸಿಗುತ್ತದಂತೆ. ಯಾವುದು ಒಳ್ಳೆಯದು?
— ಧಾರವಾಡದ ಓದುಗರು

ಉತ್ತರ: ಫೆವಿಕ್ವಿಕ್ ಬೇಡವೇ ಬೇಡ. ಇಂದು ನೀವು ಹಾಕುವ ಚೀಲವೂ ಒಂದು ದಿನ ಹಾಳಾಗುತ್ತದೆ, ಆಗ ಇನ್ನೊಬ್ಬರು ಇದನ್ನು ಬಿಚ್ಚಬೇಕು. ಅರಗು ಕಾಯಿಸಿದರೆ ಮೆತ್ತಗಾಗಿ ಬಿಡುತ್ತದೆ. ಕ್ಷಣಾರ್ಧದಲ್ಲಿ ಅಂಟುವ ಗೋಂದು ಮೂತಿಯನ್ನೇ ಮುರಿದುಕೊಂಡು ಬರುತ್ತದೆ.

ಲೇಟೆಕ್ಸ್ ಚೀಲ ಶಾಯಿಯನ್ನು ಚೆನ್ನಾಗಿ ಹೀರುತ್ತದೆ, ಅರಗಿಗೆ ಚೆನ್ನಾಗಿ ಅಂಟುತ್ತದೆ. ಆದರೆ ಅದರಿಂದ ಗಂಧಕದ ಅನಿಲ ಬಿಡುಗಡೆಯಾಗುತ್ತದೆ. ತಿಳಿ ಬಣ್ಣದ ಸೆಲ್ಯುಲಾಯ್ಡ್ ಕಂದಾಗಲು ಅದೇ ಕಾರಣ. ನಿಮ್ಮ ಪೆನ್ನಿನ ಮುಚ್ಚಳ ಹಸಿರಾಗಿಯೇ ಇದ್ದು ಬ್ಯಾರೆಲ್ ಮಾತ್ರ ಕಪ್ಪಿಟ್ಟಿದೆಯೇ ನೋಡಿ: ಚೀಲವಿರುವುದು ಬ್ಯಾರೆಲ್‌ನಲ್ಲಿ. ಹೋದ ಬಣ್ಣ ಮರಳುವುದಿಲ್ಲ. ಬಣ್ಣ ಇನ್ನೂ ಚೆನ್ನಾಗಿದ್ದರೆ ಸಿಲಿಕೋನ್ ಹಾಕಿಸಿ. ಅದು ಅರಗಿಗೆ ಬಿಗಿಯಾಗಿ ಹತ್ತುವುದಿಲ್ಲ, ಆದ್ದರಿಂದ ಮೂತಿಗೆ ಬಿಗಿಯಾಗಿ ಹಿಡಿಯುವ ಅಳತೆಯನ್ನೇ ಆರಿಸಬೇಕು. ಕಪ್ಪು ಎಬೊನೈಟ್ (ಗಟ್ಟಿ ರಬ್ಬರು) ಪೆನ್ನಾದರೆ ಲೇಟೆಕ್ಸೇ ಸಾಕು. ಎಬೊನೈಟ್‌ಗೆ ನೀರು, ಬಿಸಿಲು ಎರಡೂ ಶತ್ರು. ಅವು ಅದನ್ನು ಮಾಸಲು ಕಂದು ಮಾಡುತ್ತವೆ.

ಪ್ರಶ್ನೆ: ಚೀಲ ಬದಲಿಸಿದೆ. ಎರಡು ಸಾಲು ಬರೆದರೆ ಶಾಯಿ ಮುಗಿಯುತ್ತದೆ.
— ಶಿವಮೊಗ್ಗದ ಓದುಗರು

ಉತ್ತರ: ಮೊದಲು ತುಂಬಿಸುವ ರೀತಿ ನೋಡಿ. ನಿಬ್ಬು ಪೂರ್ತಿ, ಕುತ್ತಿಗೆಯ ಅಂಚೂ ಸೇರಿ ಶಾಯಿಯಲ್ಲಿ ಮುಳುಗಿರಬೇಕು. ಲಿವರ್ ಎತ್ತಿ, ನಿಧಾನ ಬಿಟ್ಟು, ಹತ್ತು ಎಣಿಸಿ ಆಮೇಲೆ ಹೊರತೆಗೆಯಿರಿ. ರಬ್ಬರು ಹಿಗ್ಗಿ ಮೊದಲಿನ ಆಕಾರಕ್ಕೆ ಬರಲು ಅಷ್ಟು ಹೊತ್ತು ಬೇಕು. ಹೆಚ್ಚಿನವರು ಎಡವುವುದೇ ಇಲ್ಲಿ. ಹಾಗೆ ಮಾಡಿಯೂ ತುಂಬದಿದ್ದರೆ ಬಿಚ್ಚಿ ನೋಡಿ: ಚೀಲ ತಿರುಚಿರಬಹುದು, ಅಳತೆ ದೊಡ್ಡದಾಗಿ ಗೋಡೆಗೆ ಅಂಟಿರಬಹುದು, ಪಟ್ಟಿ ಬಾಗಿ ಚೀಲವನ್ನು ಅರ್ಧವೇ ಒತ್ತುತ್ತಿರಬಹುದು.

ಪ್ರಶ್ನೆ: ಪಾರ್ಕರ್ 51, ಲೋಹದ ಕವಚದೊಳಗೆ ಹಿಚುಕುವ ಚೀಲ. ಅದನ್ನೂ ಬದಲಿಸಲೇ?
— ಪುತ್ತೂರಿನ ಓದುಗರು

ಉತ್ತರ: ಬೇಡ. 1948ರಿಂದ ಬಂದ ಈ ಮಾದರಿಯ ಚೀಲ ರಬ್ಬರಿನದಲ್ಲ, ಪಿವಿಸಿಯದು. ಬಹುಪಾಲು ಇಂದಿಗೂ ಮೆತ್ತಗಿವೆ. ತುಂಬದಿದ್ದರೆ ತಪ್ಪು ಸಾಮಾನ್ಯವಾಗಿ ಒಣಶಾಯಿ ಕಟ್ಟಿದ ಒಳಗಿನ ಸಣ್ಣ ಗಾಳಿ ನಳಿಕೆಯದು. ತಣ್ಣೀರಿನಲ್ಲಿ ನಿಬ್ಬಿನ ತುದಿ ನೆನೆಸಿ, ಎರಡು ದಿನ ಆಗಾಗ ಹಿಚುಕಿ ನೀರು ಬದಲಿಸಿ. ಅದಕ್ಕೂ ಹಿಂದಿನ, ಬಾಲದಲ್ಲಿ ಒತ್ತುವ ಗುಂಡಿಯಿರುವ 51 ಆದರೆ ಒಳಗಿರುವುದು ಡಯಾಫ್ರಮ್, ಅಂದರೆ ರಬ್ಬರಿನ ಪೊರೆ. ಅದಕ್ಕೆ ಬೇರೆ ಸಲಕರಣೆ ಬೇಕು, ಪರಿಣತರಿಗೇ ಕೊಡಿ.

ಪ್ರಶ್ನೆ: ರಾಜಮಂಡ್ರಿಯ ರತ್ನಂ ಪೆನ್ನು ಬಿಚ್ಚಿದರೆ ಒಳಗೆ ಚೀಲವೇ ಇಲ್ಲ. ಕಳೆದುಹೋಗಿದೆಯೇ?
— ಬಳ್ಳಾರಿಯ ಓದುಗರು

ಉತ್ತರ: ಇಲ್ಲ, ಅದಕ್ಕೆ ಚೀಲ ಇರಲೇ ಇಲ್ಲ. ನಮ್ಮ ದೇಶದ ಹಳೆ ಎಬೊನೈಟ್ ಪೆನ್ನುಗಳಲ್ಲಿ ಹೆಚ್ಚಿನವು ಹೀಗೆಯೇ: ಡ್ರಾಪರ್‌ನಿಂದ ಬ್ಯಾರೆಲ್‌ಗೇ ಶಾಯಿ ಹನಿಸುವುದು. ಮರೆಗೆ ಸಿಲಿಕೋನ್ ಗ್ರೀಸ್ ತೆಳುವಾಗಿ ಸವರಿ ಬಿಗಿ ಮಾಡಿ. ಶಾಯಿ ಕಾಲು ಭಾಗಕ್ಕಿಳಿದಾಗ ಮತ್ತೆ ತುಂಬಿ. ಖಾಲಿ ಜಾಗದ ಗಾಳಿ ಕೈಯ ಬಿಸಿಗೆ ಹಿಗ್ಗಿ ನಿಬ್ಬಿನಿಂದ ಶಾಯಿ ಉಕ್ಕಿಸುತ್ತದೆ.