ಕೋಲಾರದ ಬಾಂಬರ್ ಫೋಟೋದಲ್ಲಿ ಇರುವವರ ಮನೆಯವರನ್ನು ಹುಡುಕುವುದು ಹೇಗೆ?

ಪ್ರಶ್ನೆ ಇಷ್ಟು: ನಿಮ್ಮ ತಾತ ಎರಡನೇ ಮಹಾಯುದ್ಧದ ಕಾಲದಲ್ಲಿ ಕೋಲಾರದ ಏರೋಡ್ರೋಮಿನಲ್ಲಿ ಕೆಲಸಕ್ಕಿದ್ದರು. ಅವರ ಟ್ರಂಕಿನಲ್ಲಿ ಒಂದು ಫೋಟೋ ಸಿಕ್ಕಿದೆ. ನಾಲ್ಕು ಇಂಜಿನ್ನಿನ ದೊಡ್ಡ ವಿಮಾನ, ಅದರ ಮುಂದೆ ಎಂಟು ಜನ ಬಿಳಿಯರು, ಹಿಂಬದಿಯಲ್ಲಿ ಪೆನ್ಸಿಲಿನಲ್ಲಿ ‘ಕೋಲಾರ್ 1944’. ಅವರು ಯಾರು, ಬದುಕಿ ಊರಿಗೆ ಹೋದರಾ, ಅವರ ಮನೆಯವರು ಈಗ ಸಿಗುತ್ತಾರಾ ಅಂತ ಕೇಳಿದ್ದೀರಿ.

ಸಿಗಬಹುದು. ಸುಮ್ನೆ ಧೈರ್ಯಕ್ಕೆ ಹೇಳುತ್ತಿಲ್ಲ. ನಾನು ವಿಮಾನ ರಿಪೇರಿ ಲೈನಿನಲ್ಲಿದ್ದು ರಿಟೈರ್ ಆದವನು. ಹಳೇ ಬಾಂಬರ್‌ಗಳ ದಾಖಲೆ ಓದುವ ಹುಚ್ಚು ಹತ್ತಿ ತುಂಬಾ ವರ್ಷಗಳಾದವು. ‘ನಮ್ಮ ದೊಡ್ಡಪ್ಪ ಕೋಲಾರದಲ್ಲಿ ಇದ್ದರಂತೆ, ಅದು ಎಲ್ಲಿದೆ?’ ಅಂತ ಇಂಗ್ಲೆಂಡ್, ಕೆನಡಾ ಕಡೆಯಿಂದ ಬರೆಯುವವರಿಗೆ ಕೈಲಾದಷ್ಟು ಹುಡುಕಿಕೊಡುತ್ತೇನೆ. ಅವರ ಹತ್ತಿರ ಹೆಸರು ಇರುತ್ತದೆ, ಫೋಟೋ ಇರುವುದಿಲ್ಲ. ನಿಮ್ಮದು ಉಲ್ಟಾ.

ವಿಮಾನ ಹೆಚ್ಚುಕಮ್ಮಿ ಖಂಡಿತ ಲಿಬರೇಟರ್, ಅಂದರೆ ಬಿ-24. ಬಾಲ ನೋಡಿ. ಮೊಟ್ಟೆಯಾಕಾರದ ಎರಡು ಹಲಗೆ ಎದ್ದು ನಿಂತಿದ್ದು, ಮುಖ್ಯ ರೆಕ್ಕೆ ಒಡಲಿನ ಮೇಲ್ಭಾಗಕ್ಕೆ ಸೇರಿದ್ದರೆ ಅನುಮಾನ ಬೇಡ. ಅಮೆರಿಕದ ಕನ್ಸಾಲಿಡೇಟೆಡ್ ಕಂಪನಿಯದು. ರೆಕ್ಕೆಯ ತುದಿಯಿಂದ ತುದಿಗೆ 110 ಅಡಿ. 18,000ಕ್ಕೂ ಜಾಸ್ತಿ ತಯಾರಾದವು. ಬಂಗಾಳದಿಂದ ಹೊರಟು ಬರ್ಮಾ, ಸಯಾಮಿಗೆ (ಈಗಿನ ಥಾಯ್ಲೆಂಡ್) ಹೋಗಿ ಅದೇ ಪೆಟ್ರೋಲಿನಲ್ಲಿ ವಾಪಸ್ ಬರುತ್ತಿತ್ತು. ಹಾಗಾಗಿ ಈ ಕಡೆಯ ಯುದ್ಧದಲ್ಲಿ ಬ್ರಿಟಿಷರು ಇದನ್ನೇ ನೆಚ್ಚಿಕೊಂಡರು.

ಕೋಲಾರದಲ್ಲಿ ಇದಕ್ಕೇನು ಕೆಲಸ ಅಂತೀರಾ? ಅಲ್ಲಿ ಬ್ರಿಟಿಷ್ ವಾಯುಪಡೆಯ, ಅಂದರೆ ಆರ್‌ಎಎಫ್‌ನ, 1673ನೇ ಹೆವಿ ಕನ್ವರ್ಷನ್ ಯೂನಿಟ್ ಇತ್ತು. ಎರಡು ಇಂಜಿನ್ನಿನ ವಿಮಾನದಲ್ಲಿ ಹಾರುತ್ತಿದ್ದವರಿಗೆ ನಾಲ್ಕು ಇಂಜಿನ್ನಿನದನ್ನು ಕಲಿಸುವ ಜಾಗ. 215ನೇ ಸ್ಕ್ವಾಡ್ರನ್, ಅಂದರೆ ವಿಮಾನದಳ, 1944ರಲ್ಲಿ ಎರಡು ಇಂಜಿನ್ನಿನ ವೆಲ್ಲಿಂಗ್ಟನ್ ಬಾಂಬರ್ ಬಿಟ್ಟು ಲಿಬರೇಟರ್ ಹಿಡಿದದ್ದು ಕೋಲಾರದಲ್ಲೇ. ಆ ವರ್ಷ ನವೆಂಬರ್ 8ರಂದು ಇದೇ ಯೂನಿಟ್ಟಿನ ಜನರನ್ನು ಸೇರಿಸಿ 358ನೇ ಸ್ಕ್ವಾಡ್ರನ್ ಕಟ್ಟಿದರು. ನಿಮ್ಮ ಫೋಟೋದವರು ಈ ಮೂರರಲ್ಲಿ ಒಂದಕ್ಕೆ ಸೇರಿರಬೇಕು. 358 ಆಗಿದ್ದರೆ ಕಥೆ ಬೇರೆಯೇ. ಅವರು ಬಂಗಾಳಕ್ಕೆ ಹೋಗಿ 1945ರ ಜನವರಿಯಲ್ಲಿ ಒಂದೇ ಒಂದು ಬಾಂಬ್ ದಾಳಿ ಮಾಡಿದರು. ಆಮೇಲೆ ಅವರನ್ನು ಗುಟ್ಟಿನ ಕೆಲಸಕ್ಕೆ ಹಾಕಿದರು. ಜಪಾನೀಯರ ಹಿಡಿತದಲ್ಲಿದ್ದ ದೇಶಗಳಲ್ಲಿ ರಾತ್ರಿ ಹೊತ್ತು ಗೂಢಚಾರರನ್ನೂ ಸಾಮಾನನ್ನೂ ಪ್ಯಾರಾಚೂಟಿನಲ್ಲಿ ಇಳಿಸುವುದು. ಇದನ್ನೆಲ್ಲ ಮನೆಗೆ ಕಾಗದದಲ್ಲಿ ಬರೆಯುವಂತಿರಲಿಲ್ಲ. ಹಾಗಾಗಿ ಎಷ್ಟೋ ಮನೆಗಳಲ್ಲಿ ‘ಇಂಡಿಯಾದಲ್ಲಿದ್ದ’ ಅನ್ನುವುದು ಬಿಟ್ಟರೆ ಇನ್ನೇನೂ ಗೊತ್ತಿಲ್ಲ.

ಈಗ ಫೋಟೋ. ಹಗಲು ಬೆಳಕಿನಲ್ಲಿ ಭೂತಗನ್ನಡಿ ಹಿಡಿದು ಕೂತುಕೊಳ್ಳಿ. ಒಡಲಿನ ಹಿಂಭಾಗದಲ್ಲಿ ಎರಡು ಅಕ್ಷರ, ಮೂರು ಅಂಕಿ ಕಾಣುತ್ತದಾ? ಕೆಎಚ್, ಇಡಬ್ಲ್ಯು, ಬಿಝಡ್ ಅಂತ ಶುರುವಾಗಬಹುದು. ಅದು ವಿಮಾನದ ನಂಬರ್, ನಮ್ಮ ಗಾಡಿಗಳಿಗೆ ಇರುವ ಹಾಗೆ. ಪೂರ್ತಿ ಕಾಣದೆ ಬರೀ ಕೊನೆಯ ಎರಡು ಅಂಕಿ ಕಂಡರೂ ಬರೆದಿಟ್ಟುಕೊಳ್ಳಿ.

ಆಮೇಲೆ ಎದೆ ನೋಡಿ, ಎಡ ಜೇಬಿನ ಮೇಲೆ. ಎರಡೂ ಕಡೆ ರೆಕ್ಕೆ ಬಿಚ್ಚಿದ ಬ್ಯಾಡ್ಜ್ ಇದ್ದವನು ಪೈಲಟ್. ಉಳಿದವರಿಗೆ ಒಂದೇ ರೆಕ್ಕೆ, ಅದರ ಬುಡದಲ್ಲಿ ಅಕ್ಷರ. ಎನ್ ಇದ್ದರೆ ನ್ಯಾವಿಗೇಟರ್, ಬಿ ಇದ್ದರೆ ಬಾಂಬ್ ಹಾಕುವವನು, ಇ ಇದ್ದರೆ ಇಂಜಿನಿಯರ್, ಎಜಿ ಇದ್ದರೆ ಗನ್ನರ್. ಬರೀ ಅಂಗಿ ಚಡ್ಡಿಯಲ್ಲಿ ನಿಂತಿದ್ದರೆ ಬ್ಯಾಡ್ಜ್ ಇರದೆಯೂ ಇರಬಹುದು, ಕೋಲಾರದ ಬಿಸಿಲಿಗೆ ಅವರನ್ನೇನೂ ಬಯ್ಯುವಂತಿಲ್ಲ. ಕೊನೆಗೆ ಭುಜ. ಅಲ್ಲಿ ‘ಕೆನಡಾ’ ಅಥವಾ ‘ಆಸ್ಟ್ರೇಲಿಯಾ’ ಅಂತ ಪಟ್ಟಿ ಹೊಲಿದಿದ್ದರೆ ನಿಮ್ಮ ಅರ್ಧ ಕೆಲಸ ಮುಗಿದ ಹಾಗೆ. ಯಾಕೆ ಅಂತ ಮುಂದೆ ಹೇಳುತ್ತೇನೆ.

ಹುಡುಕುವವರು ಸಾಮಾನ್ಯವಾಗಿ ಹೆಸರು ಹಿಡಿದು ಹೊರಡುತ್ತಾರೆ. ನಾನು ಹೇಳುವುದು ವಿಮಾನ ಮತ್ತು ತಾರೀಕು ಹಿಡಿದು ಹೋಗಿ ಅಂತ. ಸ್ಮಿತ್, ಜೋನ್ಸ್ ಅನ್ನುವ ಹೆಸರಿನವರು ವಾಯುಪಡೆಯಲ್ಲಿ ಸಾವಿರಗಟ್ಟಲೆ ಇದ್ದರು. ಕೆಎಚ್ ಇಂತಿಷ್ಟು ಅನ್ನುವ ವಿಮಾನ ಒಂದೇ.

ಪ್ರತಿ ಸ್ಕ್ವಾಡ್ರನ್ನೂ ದಿನಚರಿ ಬರೆದಿಡಬೇಕಿತ್ತು. ಅವು ಲಂಡನ್ನಿನ ಕ್ಯೂ ಅನ್ನುವಲ್ಲಿರುವ ನ್ಯಾಷನಲ್ ಆರ್ಕೈವ್ಸ್‌ನಲ್ಲಿ ‘ಎಐಆರ್ 27’ ಅನ್ನುವ ಸಾಲಿನಲ್ಲಿವೆ. ಅದರಲ್ಲಿ ನಿಮಗೆ ಬೇಕಾದದ್ದು ಫಾರ್ಮ್ 541. ಟೈಪ್ ಮಾಡಿದ ಉದ್ದ ಹಾಳೆ. ತಾರೀಕು, ವಿಮಾನದ ನಂಬರ್, ಅದರಲ್ಲಿ ಹೋದವರ ಹೆಸರು, ಏನು ಕೆಲಸ, ಎಷ್ಟು ಗಂಟೆಗೆ ಏರಿತು, ಎಷ್ಟು ಗಂಟೆಗೆ ಇಳಿಯಿತು, ಏನಾಯಿತು. ಹೆಸರೆಂದರೆ ಇನಿಶಿಯಲ್ಲು, ಮನೆತನದ ಹೆಸರು, ಅಷ್ಟೇ. ಒಬ್ಬರ ಕೆಳಗೊಬ್ಬರು, ಪೈಲಟ್ ಮೊದಲು, ಗನ್ನರ್‌ಗಳು ಕೊನೆಗೆ. ವಾಪಸ್ ಬಾರದ ವಿಮಾನದ ಸಾಲಿನಲ್ಲಿ ಏರಿದ ಗಂಟೆ ಇರುತ್ತದೆ, ಇಳಿದ ಗಂಟೆಯ ಜಾಗ ಖಾಲಿ. ಪಕ್ಕದಲ್ಲಿ ‘ಹೊರಟ ಮೇಲೆ ಸುದ್ದಿ ಇಲ್ಲ’ ಅನ್ನುವ ಧಾಟಿಯ ಒಂದು ಸಾಲು. ಮುಂದಿನ ಸಾಲಿನಲ್ಲಿ ಇನ್ನೊಂದು ವಿಮಾನ, ಅದರ ಹೆಸರುಗಳು. ಬರೆದ ಗುಮಾಸ್ತನಿಗೆ ಅವತ್ತು ಇನ್ನೂ ಹತ್ತು ಸಾಲು ಟೈಪ್ ಮಾಡುವುದಿತ್ತು.

ಕೋಲಾರದಲ್ಲಿ ತರಬೇತಿಯಲ್ಲಿದ್ದಾಗಲೇ ಅಪಘಾತದಲ್ಲಿ ಸತ್ತವರು ಸ್ಕ್ವಾಡ್ರನ್ ದಿನಚರಿಯಲ್ಲಿ ಸಿಗುವುದಿಲ್ಲ. ಅಂಥವರಿಗೆ ‘ಎಐಆರ್ 29’ ನೋಡಬೇಕು, ತರಬೇತಿ ಯೂನಿಟ್ಟುಗಳ ದಿನಚರಿ ಅಲ್ಲಿವೆ. ಯುದ್ಧದಲ್ಲಿ ಸತ್ತರೆ ಮನೆಯಲ್ಲಿ ಕಥೆ ಉಳಿಯುತ್ತದೆ. ತರಬೇತಿಯಲ್ಲಿ ಸತ್ತರೆ ಯಾರೂ ಜಾಸ್ತಿ ಮಾತಾಡುವುದಿಲ್ಲ. ಹಾಗಾಗಿ ಇವರ ವಿಷಯದಲ್ಲೇ ಮೊಮ್ಮಕ್ಕಳಿಗೆ ಏನೂ ಗೊತ್ತಿರುವುದಿಲ್ಲ.

ಇನ್ನೊಂದು ದಾರಿ ಕಾಮನ್‌ವೆಲ್ತ್ ವಾರ್ ಗ್ರೇವ್ಸ್ ಕಮಿಷನ್ನಿನ ವೆಬ್‌ಸೈಟು. ದುಡ್ಡು ಕೊಡಬೇಕಿಲ್ಲ. ಅಲ್ಲಿ ಹೆಸರು ಹಾಕದೆ ಬರೀ ಸತ್ತ ತಾರೀಕು, ವಾಯುಪಡೆ, ದೇಶ ಹಾಕಿ ಹುಡುಕಿ. ಒಂದೇ ದಿನ, ಒಂದೇ ಸ್ಕ್ವಾಡ್ರನ್, ಅಕ್ಕಪಕ್ಕದ ಸಮಾಧಿ ನಂಬರ್ ಇದ್ದರೆ ಅದೇ ನಿಮ್ಮ ಕ್ರೂ, ಅಂದರೆ ಒಂದೇ ವಿಮಾನದಲ್ಲಿ ಹಾರಿದ ತಂಡ, ಆಗಿರುವ ಸಾಧ್ಯತೆ ಜಾಸ್ತಿ. ಎಷ್ಟೋ ಸಲ ವಯಸ್ಸು, ಅಪ್ಪ ಅಮ್ಮನ ಹೆಸರು, ಊರು ಕೂಡ ಇರುತ್ತದೆ. ದಕ್ಷಿಣ ಭಾರತದ ಅನೇಕ ಊರುಗಳ ಸ್ಮಶಾನಗಳಲ್ಲಿ ಇದ್ದವರನ್ನು ಯುದ್ಧದ ನಂತರ ಚೆನ್ನೈನ ಮದ್ರಾಸ್ ವಾರ್ ಸಿಮೆಟ್ರಿಗೆ ತಂದರು. ಆದ್ದರಿಂದ ಕೋಲಾರದವರನ್ನು ಹುಡುಕುವಾಗ ಚೆನ್ನೈ ಪಟ್ಟಿ ಮೊದಲು ನೋಡಿ. ದೇಹವೇ ಸಿಗದವರ ಹೆಸರು ಸಿಂಗಪುರದ ಕ್ರಾಂಜಿ ಸ್ಮಾರಕದಲ್ಲಿದೆ. ಬರ್ಮಾದಲ್ಲಿ ಕಳೆದುಹೋದ ವಿಮಾನದವರ ಹೆಸರೂ ಅಲ್ಲೇ. ರಂಗೂನಿನ ಪಟ್ಟಿಯಲ್ಲಿ ಹುಡುಕಿ ಸುಸ್ತಾಗುವವರು ತುಂಬಾ ಜನ.

ಭುಜದ ಪಟ್ಟಿಯ ವಿಷಯ ಹೇಳುತ್ತೇನೆ ಅಂದಿದ್ದೆ. ಆರ್‌ಎಎಫ್ ಸ್ಕ್ವಾಡ್ರನ್ ಅಂದರೆ ಎಲ್ಲರೂ ಇಂಗ್ಲೆಂಡಿನವರೇ ಅಲ್ಲ. ಒಂದೇ ವಿಮಾನದಲ್ಲಿ ಸ್ಕಾಟ್‌ಲೆಂಡಿನವನು, ಕೆನಡಾದವನು, ಆಸ್ಟ್ರೇಲಿಯಾದವನು ಇರುತ್ತಿದ್ದರು. ಬ್ರಿಟಿಷ್ ಸೈನಿಕರ ವೈಯಕ್ತಿಕ ಕಡತ ತೆಗೆಸಬೇಕಾದರೆ ಅರ್ಜಿ ಹಾಕಿ ಕಾಯಬೇಕು. ಆದರೆ ಆಸ್ಟ್ರೇಲಿಯಾದ ನ್ಯಾಷನಲ್ ಆರ್ಕೈವ್ಸ್‌ನಲ್ಲಿ ಸತ್ತವರ, ಕಾಣೆಯಾದವರ ‘ಎ705’ ಕಡತಗಳಿವೆ. ಸ್ಕ್ಯಾನ್ ಆಗಿರುವುದನ್ನು ಮನೆಯಲ್ಲೇ ಕೂತು ಪುಕ್ಕಟೆ ಓದಬಹುದು. ಕೆನಡಾದವರೂ ಯುದ್ಧದಲ್ಲಿ ಸತ್ತ ತಮ್ಮವರ ಕಡತ ತೆರೆದಿಟ್ಟಿದ್ದಾರೆ. ವಿಮಾನ ಕಾಣೆಯಾದಾಗ ಆ ದೇಶಗಳ ವಾಯುಪಡೆಯವರು ಇಡೀ ಕ್ರೂವಿನ ಪಟ್ಟಿ, ಪ್ರತಿಯೊಬ್ಬರ ಹತ್ತಿರದ ಸಂಬಂಧಿಯ ಹೆಸರು, ವಿಳಾಸ ಬರೆದು ಮನೆಗಳಿಗೆ ಕಳಿಸುತ್ತಿದ್ದರು. ಒಬ್ಬರಿಗೊಬ್ಬರು ಕಾಗದ ಬರೆದುಕೊಳ್ಳಲಿ ಅಂತ. ಅದರ ಒಂದು ಪ್ರತಿ ಕಡತದಲ್ಲೇ ಉಳಿದಿರುತ್ತದೆ. ಅಂದರೆ ಇಂಗ್ಲೆಂಡಿನ ಗನ್ನರ್‌ನ ತಾಯಿಯ ವಿಳಾಸ ಆಸ್ಟ್ರೇಲಿಯಾದ ಪೈಲಟ್‌ನ ಕಡತದಲ್ಲಿ ಸಿಗುತ್ತದೆ. ಹುಡುಕಾಟ ನಿಂತುಹೋಯಿತು ಅಂದಾಗೆಲ್ಲ ನಾನು ಮೊದಲು ಕೇಳುವುದು ಇದನ್ನೇ: ಕ್ರೂನಲ್ಲಿ ಹೊರದೇಶದವನು ಯಾರಿದ್ದ?

ಎಷ್ಟೋ ವರ್ಷಗಳ ಮೇಲೂ ಮನೆಯವರಿಗೆ ಉತ್ತರ ಸಿಗಬಹುದು ಅನ್ನುವುದಕ್ಕೆ ಕೆಎಲ್654 ಅನ್ನುವ ಲಿಬರೇಟರ್ ನೋಡಿ. 1945ರ ಆಗಸ್ಟ್ 23ರಂದು ಹಿಂದೂ ಮಹಾಸಾಗರದ ಕೋಕೋಸ್ ದ್ವೀಪದಿಂದ ಎಂಟು ಜನರೊಂದಿಗೆ ಮಲಯಾ ಕಡೆ ಹೊರಟಿತ್ತು. ಜಪಾನ್ ಶರಣಾಗಿ ವಾರ ಕಳೆದಿತ್ತು, ಗಮನಿಸಿ. ವಿಮಾನ ಕಾಡಿನ ಗುಡ್ಡಕ್ಕೆ ಬಿತ್ತು. ಆ ಎಂಟು ಜನರ ಅವಶೇಷ ಕಾಡಿನಿಂದ ಹೊರಬಂದು ಕ್ವಾಲಾಲಂಪುರದಲ್ಲಿ ಸೈನ್ಯದ ಗೌರವದೊಂದಿಗೆ ಮಣ್ಣಾದದ್ದು 2012ರಲ್ಲಿ. ಅಷ್ಟು ಹೊತ್ತಿಗೆ ತಂದೆ ತಾಯಂದಿರ ಕಾಲ ಮುಗಿದಿತ್ತು. ನಮ್ಮ ಅರುಣಾಚಲದಲ್ಲೂ ಇಂಥದ್ದಿದೆ. 1944ರ ಜನವರಿ 25ರಂದು ಚೀನಾದಿಂದ ಅಸ್ಸಾಮಿಗೆ ಬರುತ್ತಿದ್ದ ಅಮೆರಿಕದ ಒಂದು ಬಿ-24 ಅಲ್ಲಿನ ಬೆಟ್ಟದಲ್ಲಿ ಕಳೆದುಹೋಯಿತು. 2006ರಲ್ಲಿ ಅದರ ಅವಶೇಷ ಸಿಕ್ಕಿತು. 2016ರಲ್ಲಿ ಮೂಳೆಗಳನ್ನು ದೆಹಲಿಯಿಂದ ಅಮೆರಿಕಕ್ಕೆ ಕಳಿಸಿಕೊಟ್ಟರು.

ಬದುಕಿ ಮನೆಗೆ ಹೋದವರನ್ನು ಹುಡುಕುವುದು ನಿಜ ಹೇಳಬೇಕೆಂದರೆ ಇನ್ನೂ ಕಷ್ಟ. ಸತ್ತವನಿಗೆ ಸಮಾಧಿ ಇದೆ, ಕಡತ ಇದೆ. ಬದುಕಿದವನು ಹೋಗಿ ಯಾವುದೋ ಬ್ಯಾಂಕಿನಲ್ಲಿ ಕೆಲಸಕ್ಕೆ ಸೇರಿ ಸುಮ್ಮನಾಗಿಬಿಟ್ಟಿರುತ್ತಾನೆ. ಅವನ ಲಾಗ್ ಬುಕ್, ಅಂದರೆ ಹಾರಾಟದ ಲೆಕ್ಕದ ಪುಸ್ತಕ, ಮಕ್ಕಳ ಹತ್ತಿರ ಇದ್ದರೆ ಉಂಟು, ಇಲ್ಲದಿದ್ದರೆ ಫಾರ್ಮ್ 541ರ ಹೆಸರೇ ಗತಿ.

ಬೆಂಗಳೂರಿನ ಒಂದು ಕೊಂಡಿಯನ್ನೂ ಹೇಳಿಬಿಡುತ್ತೇನೆ, ನಮ್ಮವರಿಗೆ ಜಾಸ್ತಿ ಗೊತ್ತಿಲ್ಲ. ಯುದ್ಧ ಮುಗಿದ ಮೇಲೆ ಬ್ರಿಟಿಷರು ತಮ್ಮ ಲಿಬರೇಟರ್‌ಗಳನ್ನು ಕಾನ್ಪುರದಲ್ಲಿ ಬೇಕಂತಲೇ ಹಾಳುಗೆಡವಿ ಬಿಟ್ಟುಹೋದರು. ಸುಮಾರು 40 ವಿಮಾನಗಳನ್ನು ಎಚ್‌ಎಎಲ್‌ನವರು ಬೆಂಗಳೂರಿಗೆ ತಂದು ಮತ್ತೆ ಹಾರುವ ಹಾಗೆ ಮಾಡಿದರು. ನಮ್ಮ ವಾಯುಪಡೆ ಅವನ್ನು 1968ರವರೆಗೂ ಓಡಿಸಿತು. ಬೇರೆ ಕಡೆ ಬಹುಪಾಲು ಗುಜರಿಗೆ ಹೋಗಿದ್ದವು. ಬ್ರಿಟನ್ನಿನ ಆರ್‌ಎಎಫ್ ಮ್ಯೂಸಿಯಂನಲ್ಲಿರುವ ಕೆಎನ್751 ಅನ್ನುವ ಲಿಬರೇಟರ್ ಕೂಡ ಹೀಗೆ ಭಾರತದಲ್ಲಿ ಉಳಿದುಕೊಂಡದ್ದೇ, 1974ರಲ್ಲಿ ಅಲ್ಲಿಗೆ ಹೋಯಿತು. ‘ಅಜ್ಜ ಹಾರಿದ್ದು ಇಂಥದ್ದರಲ್ಲಿ’ ಅಂತ ಮಕ್ಕಳಿಗೆ ತೋರಿಸಲು ಅಲ್ಲಿಯವರು ಹೋಗುವುದು ಅದರ ಹತ್ತಿರಕ್ಕೇ.

ನೀವು ಈಗ ಮಾಡಬೇಕಾದದ್ದು: ಫೋಟೋದ ಎರಡೂ ಬದಿಯನ್ನು 600 ಡಿಪಿಐನಲ್ಲಿ ಸ್ಕ್ಯಾನ್ ಮಾಡಿಸಿ. ಲ್ಯಾಮಿನೇಷನ್ ಮಾತ್ರ ಬೇಡ, ಅಂಗಡಿಯವರು ಎಷ್ಟೇ ಹೇಳಲಿ. ಹಿಂಬದಿಯ ಪೆನ್ಸಿಲ್ ಬರಹಕ್ಕೆ ಪಕ್ಕದಿಂದ ಟಾರ್ಚ್ ಬಿಟ್ಟು ನೋಡಿ, ಅಳಿಸಿದ ಹೆಸರು ಎದ್ದು ಬರುವುದುಂಟು. ಕ್ರೂ ಗೊತ್ತಾದ ಮೇಲೆ ಹಳೇ ವಿಳಾಸದ ಊರಿನ ಸ್ಥಳೀಯ ಪತ್ರಿಕೆಗೆ, ಯುದ್ಧ ಸ್ಮಾರಕ ನೋಡಿಕೊಳ್ಳುವವರಿಗೆ ಬರೆಯಿರಿ. ಆ ಮನೆಯವರ ಈಗಿನ ಹೆಸರು, ವಿಳಾಸ ಸಿಕ್ಕರೆ ಅದನ್ನು ಎಲ್ಲರಿಗೂ ಕಾಣುವ ಹಾಗೆ ಹಾಕಬೇಡಿ.

ಜೊತೆಗೆ ನಿಮ್ಮ ತಾತನ ವಿಷಯವನ್ನೂ ಒಂದು ಹಾಳೆಯಲ್ಲಿ ಬರೆದು ಸೇರಿಸಿ. ರನ್‌ವೇಗೆ ಕಲ್ಲು ಹೊತ್ತವರು, ಬಟ್ಟೆ ಒಗೆದವರು, ಮೆಸ್ಸಿನಲ್ಲಿ ಅಡುಗೆ ಮಾಡಿದವರ ಹೆಸರು ಫಾರ್ಮ್ 541ರಲ್ಲಿ ಬರುವುದಿಲ್ಲ. ತಾತ ಯಾವ ಊರಿನವರು, ಏರೋಡ್ರೋಮಿನಲ್ಲಿ ಏನು ಕೆಲಸ, ಆ ಫೋಟೋ ಅವರ ಕೈಗೆ ಹೇಗೆ ಬಂತು ಅಂತ ನಿಮ್ಮ ಅಜ್ಜಿಗೋ ದೊಡ್ಡಮ್ಮನಿಗೋ ನೆನಪಿದ್ದರೆ ಈ ವಾರವೇ ಕೇಳಿ ಬರೆದಿಟ್ಟುಕೊಳ್ಳಿ. ಲಂಡನ್ನಿನ ಕಡತ ಇನ್ನು ಹತ್ತು ವರ್ಷ ಬಿಟ್ಟು ನೋಡಿದರೂ ಅಲ್ಲೇ ಇರುತ್ತದೆ.